ಬಂಡೀಪುರದಲ್ಲಿ ಫೈರ್ ವಾಚರ್ ಕೆಲಸ ಅಂದರೆ ದಿನಾ ಏನು ಮಾಡಬೇಕು?

ಗುಂಡ್ಲುಪೇಟೆ ಅಕ್ಕ:
ನಮ್ಮ ತಮ್ಮ ಈ ಬೇಸಿಗೆಗೆ ಬಂಡೀಪುರದಲ್ಲಿ ಫೈರ್ ವಾಚರ್ ಆಗಿ ಸೇರುತ್ತಿದ್ದಾನೆ. ಅಮ್ಮನಿಗೆ ರಾತ್ರಿ ನಿದ್ದೆ ಇಲ್ಲ. 2017ರಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಗಾರ್ಡ್ ತೀರಿಕೊಂಡರು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಎಲ್ಲಾ ಹೊತ್ತಿ ಉರಿದು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಿತು. ಅದನ್ನೆಲ್ಲ ನಮ್ಮ ಕಡೆ ಯಾರೂ ಮರೆತಿಲ್ಲ. ಇವನನ್ನು ಕೇಳಿದರೆ "ಸುಮ್ನೆ ಕಾಡು ಕಾಯೋದು ಅಷ್ಟೆ" ಅನ್ನುತ್ತಾನೆ. ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ನಿಜ ಹೇಳಿ.

ಕಾಡಂಚಿನವ:
ಅಕ್ಕಾ, ನಾನು ಕೆಲವು ಬೇಸಿಗೆ ಈ ಕೆಲಸ ಮಾಡಿದ್ದೇನೆ. ದಿನಾ ಬೆಂಕಿಯ ಜೊತೆ ಹೊಡೆದಾಟ ಇರುವುದಿಲ್ಲ. ಜಾಸ್ತಿ ದಿನ ಹೋಗುವುದು ಫೈರ್‌ಲೈನಿನಲ್ಲಿ, ಅಂದರೆ ಬೆಂಕಿ ದಾಟದ ಹಾಗೆ ಬೋಳು ಮಾಡಿಟ್ಟ ಪಟ್ಟಿಯಲ್ಲಿ. ಮಳೆಗಾಲ ಮುಗಿದ ಮೇಲೆ ರಸ್ತೆಯ ಎರಡೂ ಬದಿ, ವಲಯದ ಗಡಿಯ ಉದ್ದಕ್ಕೂ ಹುಲ್ಲು, ಲಾಂಟಾನ ಕಡಿದು ಒಣಗಲು ಬಿಡುತ್ತಾರೆ. ಆಮೇಲೆ ಗಾಳಿ ಇಲ್ಲದ ಹೊತ್ತು ನೋಡಿ ನಾವೇ ಅದನ್ನು ಸುಡಬೇಕು. ಬೆಂಕಿ ಒಳಗೆ ನುಗ್ಗದ ಹಾಗೆ ಎರಡೂ ಕಡೆ ಹಸಿ ಸೊಪ್ಪು ಹಿಡಿದು ಜನ ನಿಂತಿರುತ್ತಾರೆ. ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ತೇಗ ಎಲೆ ಉದುರಿಸಲು ಶುರು ಮಾಡಿದರೆ ಇವತ್ತು ಗುಡಿಸಿದ ಲೈನು ಕೆಲವೇ ದಿನದಲ್ಲಿ ಮತ್ತೆ ಮುಚ್ಚಿಹೋಗುತ್ತದೆ, ಒಣ ಎಲೆ ಬಿದ್ದ ಲೈನು ಇದ್ದೂ ಇಲ್ಲದ ಹಾಗೆ, ಬೆಂಕಿ ಅದರ ಮೇಲೆಯೇ ದಾಟಿ ಹೋಗುತ್ತದೆ. ಹಾಗಾಗಿ ಮತ್ತೆ ಮತ್ತೆ ಗುಡಿಸಬೇಕು. ಈಗ ಬ್ಲೋವರ್ ಬಂದಿದೆ, ಎಲೆ ಬೇಗ ಹಾರಿಸಬಹುದು, ಆದರೆ ಅದನ್ನು ಬೆನ್ನಿಗೆ ಹಾಕಿಕೊಂಡು ಬಿಸಿಲಲ್ಲಿ ನಡೆಯುವುದು ಸುಲಭ ಅಲ್ಲ.

ಉಳಿದ ಹೊತ್ತು ಗಸ್ತು, ಇಲ್ಲವೇ ಎತ್ತರದ ಜಾಗದಲ್ಲಿ ಕೂತು ಹೊಗೆ ನೋಡುವುದು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಕಣ್ಣು ಮುಚ್ಚುವ ಹಾಗಿಲ್ಲ, ಬಿಸಿಲು ಗಾಳಿ ಎರಡೂ ಜೋರು. ಉಪಗ್ರಹದಿಂದ ಮೊಬೈಲಿಗೆ ಮೆಸೇಜ್ ಬರುತ್ತದೆ, ನಿಜ. ಆದರೆ ಉಪಗ್ರಹ ನಮ್ಮ ತಲೆ ಮೇಲೆ ಸದಾ ಇರುವುದಿಲ್ಲ, ದಿನಕ್ಕೆ ಕೆಲವು ಸಲ ಹಾದು ಹೋಗುತ್ತದೆ. ಅದು ತೋರಿಸುವ ಒಂದು ಚುಕ್ಕೆ ಅಂದರೆ ಸುಮಾರು 375 ಮೀಟರ್ ಅಗಲದ ಜಾಗ. ಅಷ್ಟು ಜಾಗದಲ್ಲಿ ಬೆಂಕಿ ಎಲ್ಲಿದೆ ಅಂತ ನಡೆದೇ ಹುಡುಕಬೇಕು. ನಮ್ಮ ಜೊತೆ ಇದ್ದ ಸೋಲಿಗರ ಹಿರಿಯರು ಹೊಗೆಯ ಬಣ್ಣ ನೋಡಿಯೇ ಹುಲ್ಲು ಉರಿಯುತ್ತಿದೆಯೋ ಬಿದಿರು ಉರಿಯುತ್ತಿದೆಯೋ ಹೇಳುತ್ತಿದ್ದರು. ತಮ್ಮನಿಗೆ ಅಂಥವರ ಜೊತೆ ಇರಲು ಹೇಳಿ.

ಗಸ್ತಿನವನು:
ನಾನು ಅರಣ್ಯ ಇಲಾಖೆಯಲ್ಲೇ ಇದ್ದೇನೆ, ಬೇರೆ ಜಿಲ್ಲೆ. ಅಮ್ಮನ ಭಯಕ್ಕೆ ಕಾರಣ ಇದೆ, ಅದನ್ನು ಸುಳ್ಳು ಅನ್ನುವುದಿಲ್ಲ. ತಮ್ಮನಿಗೆ ಇಷ್ಟು ಬಾಯಿಪಾಠ ಮಾಡಿಸಿ. ಬೆಂಕಿಯ ಎದುರಿಗೆ ಹೋಗಬಾರದು, ಹಿಂದಿನಿಂದ ಮತ್ತು ಬದಿಗಳಿಂದ ಬಡಿಯುತ್ತಾ ಬರಬೇಕು. ಇಳಿಜಾರಿನಲ್ಲಿ ಬೆಂಕಿ ಕೆಳಗಿದ್ದು ನಾವು ಮೇಲಿರಬಾರದು, ಏಕೆಂದರೆ ಅದು ಮೇಲಕ್ಕೆ ಓಡುವ ವೇಗಕ್ಕೆ ಮನುಷ್ಯ ಓಡಲಾರ. ಗಾಳಿ ತಿರುಗಿದರೆ ಆಗಲೇ ಸುಟ್ಟು ಕಪ್ಪಾದ ಜಾಗಕ್ಕೆ ಹೋಗಿ ನಿಲ್ಲಬೇಕು. ಲಾಂಟಾನ ಪೊದೆಯ ಒಳಗೆ ಮಾತ್ರ ನುಗ್ಗಬಾರದು, ಹೊರಗೆ ಬರುವ ದಾರಿ ಕಾಣುವುದಿಲ್ಲ. ಎದುರು ಬೆಂಕಿ ಕೊಡುವುದು, ಅಂದರೆ ಬರುವ ಬೆಂಕಿಯನ್ನು ತಡೆಯಲು ಅದರ ಎದುರಿಗೆ ನಾವೇ ಬೆಂಕಿ ಹಚ್ಚುವುದು, ಅನುಭವ ಇರುವವರ ಕೆಲಸ, ಹೊಸಬರು ಕೈ ಹಾಕಬಾರದು.

ಪಾಲಿಯೆಸ್ಟರ್ ಬಟ್ಟೆ ಬೇಡವೇ ಬೇಡ, ಬಿಸಿಗೆ ಕರಗಿ ಮೈಗೆ ಅಂಟುತ್ತದೆ. ದಪ್ಪ ಕಾಟನ್ ಪ್ಯಾಂಟು, ತುಂಬು ತೋಳಿನ ಅಂಗಿ, ಗಟ್ಟಿ ಶೂ. ಚಪ್ಪಲಿಯಲ್ಲಿ ಬರುವ ಹುಡುಗರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ವಿಷಯ. ಜ್ವಾಲೆ ಹೋದ ಮೇಲೆಯೇ ದೊಡ್ಡ ಕೆಲಸ ಇರುವುದು. ಒಣ ಬೊಡ್ಡೆ, ಬಿದ್ದ ಮರ, ಆನೆ ಲದ್ದಿ ಇವೆಲ್ಲ ಒಳಗೊಳಗೇ ಗಂಟೆಗಟ್ಟಲೆ ಕೆಂಡವಾಗಿ ಉರಿಯುತ್ತಿರುತ್ತವೆ, ಮರುದಿನ ಗಾಳಿ ಬೀಸಿದರೆ ಅಲ್ಲಿಂದಲೇ ಮತ್ತೆ ಶುರು. ಒಂದೊಂದನ್ನೂ ಕೆದಕಿ, ಮಣ್ಣು ಮುಚ್ಚಿ, ಕೈ ಹತ್ತಿರ ಹಿಡಿದು ಬಿಸಿ ಇದೆಯಾ ನೋಡಬೇಕು. ನೀರಿನ ಗಾಡಿ ರಸ್ತೆವರೆಗೆ ಮಾತ್ರ ಬರುತ್ತದೆ.

ಮಲೆನಾಡು ಹುಡುಗಿ:
ನಮ್ಮ ಕಡೆ ಹುಲ್ಲುಗಾವಲಿನ ಬೆಂಕಿ. ಬೊಡ್ಡೆ ಕಡಿಮೆ, ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗುಡ್ಡ ಹತ್ತುತ್ತದೆ. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಹತ್ತಿರ ಒಬ್ಬ ಗಾರ್ಡ್ ಹೀಗೇ ಸುಟ್ಟ ಗಾಯದಿಂದ ಹೋದರು. ನಮ್ಮ ಕಾಡಿನ ಬೆಂಕಿ ಹೆಚ್ಚುಕಮ್ಮಿ ಎಲ್ಲವೂ ಮನುಷ್ಯರೇ ಹಚ್ಚಿದ್ದು, ಅಲ್ವಾ? ಯಾರೋ ಎಸೆದ ಬೀಡಿ, ಹೊಸ ಹುಲ್ಲು ಬರಲಿ ಅಂತ ಇಟ್ಟ ಕಿಡಿ, ಇಲಾಖೆಯ ಮೇಲಿನ ಸಿಟ್ಟು. ಅದಕ್ಕೆ ಸಾಯಬೇಕಾಗಿ ಬರುವುದು ಮಾತ್ರ ಈ ಗಾರ್ಡ್, ವಾಚರ್‌ಗಳು. ಊರಿನವರ ಜೊತೆ ಕೂತು ಮಾತಾಡುವುದನ್ನೂ ವಾಚರ್‌ಗಳ ಕೆಲಸ ಅಂತಲೇ ಲೆಕ್ಕ ಹಿಡಿಯಬೇಕು.

ಗುಂಡ್ಲುಪೇಟೆ ಅಕ್ಕ:
ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ನಾಳೆಯೇ ಶೂ ತರುತ್ತೇವೆ. ಸಂಬಳ, ರಜೆ ಹೇಗೆ?

ಕಾಡಂಚಿನವ:
ಸೇರುವ ಮೊದಲೇ ಕೇಳಿಕೊಳ್ಳಿ ಅಕ್ಕಾ: ಹಾಜರಿ ಎಲ್ಲಿ ಬರೆಯುತ್ತಾರೆ, ಹಣ ಯಾವಾಗ ಖಾತೆಗೆ ಬರುತ್ತದೆ, ಇನ್ಶೂರೆನ್ಸ್ ಇದೆಯಾ. ನಮಗೆ ಒಂದು ವರ್ಷ ತಿಂಗಳುಗಟ್ಟಲೆ ತಡವಾಗಿತ್ತು, ಮನೆ ನಡೆಸುವುದೇ ಕಷ್ಟ ಆಯಿತು. ಶಿವರಾತ್ರಿ, ಯುಗಾದಿಗೆ ಮನೆಗೆ ಬರುತ್ತಾನೆ ಅಂತ ಕಾಯಬೇಡಿ, ಬೆಂಕಿ ಜೋರಿರುವ ಸಮಯವೇ ಅದು. ಒಳಗಿನ ಕ್ಯಾಂಪುಗಳಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಒಂದೆರಡು ದಿನ ಫೋನ್ ಬರದಿದ್ದರೆ ಅಮ್ಮ ಗಾಬರಿಯಾಗುವುದು ಬೇಡ, ವಲಯ ಕಚೇರಿಯ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ, ಅವರ ಹತ್ತಿರ ವಾಕಿಟಾಕಿ ಇರುತ್ತದೆ, ವಿಚಾರಿಸಿ ಹೇಳುತ್ತಾರೆ.