ಮೊದಲ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಜೆಟ್‌ಗೆ ಯಾವ ಮೋಟಾರು, ಯಾವ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ)? ಅನುಭವ ಇರುವವರು ಹೇಳಿ

ಎರಡು ವರ್ಷದಿಂದ ಪ್ರೊಪೆಲ್ಲರ್ ಟ್ರೇನರ್ (ಕಲಿಕೆಯ ವಿಮಾನ) ಹಾರಿಸುತ್ತಿದ್ದೇನೆ. ಈಗ ಫೋಮ್ ಜೆಟ್ ಕಟ್ಟುವ ಆಸೆ. 70 ಮಿ.ಮೀ. ಇಡಿಎಫ್ (ಕೊಳವೆಯೊಳಗೆ ತಿರುಗುವ ವಿದ್ಯುತ್) ಫ್ಯಾನ್ ಹಾಕೋಣ ಅಂತ ಇದ್ದೇನೆ. ಎಲ್ಲ ಸೇರಿ ಒಂದೂವರೆ ಕಿಲೋ ಆಗಬಹುದು. ಬ್ಯಾಟರಿ 4ಎಸ್ (ನಾಲ್ಕು ಸೆಲ್) ಸಾಕಾ, 6ಎಸ್ (ಆರು ಸೆಲ್) ಬೇಕಾ? ಕೆವಿ ಎಷ್ಟಿರಬೇಕು? ಓದಿ ಓದಿ ತಲೆ ಕೆಟ್ಟುಹೋಗಿದೆ.

ಉತ್ತರ 1

ಮೋಟಾರಿನಿಂದ ಶುರು ಮಾಡಬೇಡಿ, ತೂಕದಿಂದ ಶುರು ಮಾಡಿ. ಒಂದೂವರೆ ಕಿಲೋ ಅಂದಿರಿ. ಮೊದಲ ಜೆಟ್‌ಗೆ ಥ್ರಸ್ಟ್ (ಮುಂದೆ ತಳ್ಳುವ ಬಲ) ಹೆಚ್ಚು ಕಡಿಮೆ ತೂಕದಷ್ಟೇ ಇದ್ದರೆ ಆರಾಮ. ಚಕ್ರ ಇದ್ದು ಉದ್ದ ರನ್‌ವೇ ಸಿಕ್ಕರೆ ಸ್ವಲ್ಪ ಕಮ್ಮಿ ಇದ್ದರೂ ಏಳುತ್ತದೆ. ಕೈಯಿಂದ ಎಸೆಯುವುದಾದರೆ ಜಿಪುಣತನ ಬೇಡ.

ಕೆವಿ ಅಂದರೆ ಲೋಡ್ ಇಲ್ಲದಾಗ ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ, ಅಷ್ಟೇ. 4ಎಸ್ ಅಂದರೆ 14.8 ವೋಲ್ಟ್. 3000 ಕೆವಿ ಮೋಟಾರಿಗೆ ಕೊಟ್ಟರೆ ನಿಮಿಷಕ್ಕೆ 44,400 ಸುತ್ತು. 6ಎಸ್‌ನ 22.2 ವೋಲ್ಟ್‌ಗೆ 2000 ಕೆವಿ ಹಾಕಿದರೂ ಅದೇ 44,400. ಫ್ಯಾನಿಗೆ ಎರಡೂ ಒಂದೇ. ವ್ಯತ್ಯಾಸ ಇರುವುದು ಕರೆಂಟಿನಲ್ಲಿ. 1000 ವಾಟ್ ಎಳೆಯಲು 4ಎಸ್‌ನಲ್ಲಿ ಸುಮಾರು 68 ಆಂಪಿಯರ್ ಬೇಕು, 6ಎಸ್‌ನಲ್ಲಿ 45 ಸಾಕು. ಅದೇ ತಂತಿಯಲ್ಲಿ ಬಿಸಿ ಎರಡು ಪಟ್ಟಿಗಿಂತ ಜಾಸ್ತಿ ಇಳಿಯುತ್ತದೆ. ಬ್ಯಾಟರಿ ಭಾರ ಆಗುತ್ತದಲ್ವಾ ಅಂತ ಕೇಳಬಹುದು. ಹಾಗೇನಿಲ್ಲ, 4ಎಸ್ 4000 ಎಂಎಎಚ್‌ನಲ್ಲಿರುವ ಶಕ್ತಿ 6ಎಸ್ 2700ರಲ್ಲೂ ಇರುತ್ತದೆ. ನಾನಾದರೆ 6ಎಸ್. ನಿಮ್ಮ ಹತ್ತಿರ ಈಗಾಗಲೇ 4ಎಸ್ ಪ್ಯಾಕುಗಳಿದ್ದರೆ ಮಾತ್ರ ಇನ್ನೊಮ್ಮೆ ಯೋಚಿಸಿ.

ಫ್ಯಾನು, ಮೋಟಾರು ಬೇರೆ ಬೇರೆ ತಂದು ಜೋಡಿಸಬೇಡಿ. ಬ್ಯಾಲೆನ್ಸ್ ಮಾಡಿ ಬಂದ ಸೆಟ್ ತಗೊಳ್ಳಿ. ಈ ವೇಗದಲ್ಲಿ ಕೂದಲೆಳೆಯಷ್ಟು ಅಲುಗಿದರೂ ಫೋಮೇ ಗುಂಯ್ ಅನ್ನುತ್ತದೆ.

ಇಎಸ್‌ಸಿ ಮಾತ್ರ ಲೆಕ್ಕಕ್ಕಿಂತ ದೊಡ್ಡದಿರಲಿ. 65 ಆಂಪಿಯರ್ ಎಳೆಯುವ ಸೆಟ್‌ಗೆ 80 ಕನಿಷ್ಠ, 100 ಆದರೆ ನೆಮ್ಮದಿ. ಗಾಳಿ ತಾಗುವ ಜಾಗದಲ್ಲಿ ಕೂರಿಸಿ. ಆಮೇಲೆ ವಾಟ್ ಮೀಟರ್ ಹಾಕಿ ಫುಲ್ ಥ್ರಾಟಲ್‌ನಲ್ಲಿ ಅಳೆಯಿರಿ. ವಿಮಾನವನ್ನು ಗಟ್ಟಿಯಾಗಿ ಹಿಡಿದಿರಬೇಕು, ಫ್ಯಾನಿನ ಬಾಯಿ ಹತ್ತಿರ ಬಟ್ಟೆ, ಕಾಗದ ಏನೂ ಇರಬಾರದು. ನಾನು ಒಮ್ಮೆ ಚಾರ್ಟ್ ನಂಬಿ ಹಾರಿಸಿದೆ. ಇಳಿದ ಮೇಲೆ ಪ್ಯಾಕ್ ಮುಟ್ಟಿದರೆ ಬಿಸಿ ಲೋಟ ಹಿಡಿದ ಹಾಗಿತ್ತು, ಹೊಟ್ಟೆ ಬೇರೆ ಉಬ್ಬಿತ್ತು.

ಉತ್ತರ 2

ಎಲ್ಲರೂ ಮೋಟಾರಿನ ಬಗ್ಗೆಯೇ ಮಾತಾಡುತ್ತಾರೆ. ನನ್ನ ಜೆಟ್ ಹೋಗಿದ್ದು ಬಿಇಸಿಯಿಂದ, ಅಂದರೆ ರಿಸೀವರ್, ಸರ್ವೊಗಳಿಗೆ ಕರೆಂಟ್ ಕೊಡುವ ಭಾಗದಿಂದ. ಇಎಸ್‌ಸಿಯ ಒಳಗೇ ಇದ್ದ ಬಿಇಸಿಗೆ ಆರು ಸರ್ವೊ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರು), ಮಡಚುವ ಚಕ್ರ ಎಲ್ಲ ಹಚ್ಚಿದ್ದೆ. ಹನ್ನೊಂದು ಸಲ ಹಾರಿತು, ಒಂದು ತೊಂದರೆ ಇಲ್ಲ. ಹನ್ನೆರಡನೇ ಸಲ ಇಳಿಸಲು ಬಂದೆ. ಚಕ್ರ ಬಿಟ್ಟೆ, ಫ್ಲ್ಯಾಪ್ ಇಳಿಸಿದೆ, ಜೊತೆಗೇ ಎಲಿವೇಟರ್ (ಮೂಗು ಏರಿಸಿ ಇಳಿಸುವ ಬಾಲದ ಪಟ್ಟಿ) ಎಳೆದೆ. ಅಷ್ಟೂ ಸರ್ವೊ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿದು ರಿಸೀವರ್ ಆಫ್ ಆಗಿ ಮತ್ತೆ ಆನ್ ಆಯಿತು. ಒಂದೆರಡು ಸೆಕೆಂಡು ಅಷ್ಟೇ. ಮೂಗು ಹೊಲದಲ್ಲಿ ಹೂತಿತ್ತು.

ಈಗ ಬೇರೆ ಯುಬಿಇಸಿ (ಇಎಸ್‌ಸಿಯ ಹೊರಗಿನ ಪ್ರತ್ಯೇಕ ಬಿಇಸಿ) ಹಾಕುತ್ತೇನೆ, ಸ್ವಿಚಿಂಗ್ ಬಗೆಯದು. ಹಾಗೆ ಹಾಕಿದಾಗ ಇಎಸ್‌ಸಿಯಿಂದ ರಿಸೀವರ್‌ಗೆ ಬರುವ ಕೆಂಪು ತಂತಿ ಬಿಚ್ಚಿಡಿ. ಹಾರಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಥ್ರಾಟಲ್ ಲಾಕ್ ಮಾಡಿ, ಗೆಳೆಯರಿಗೆ ಎಲಿವೇಟರನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ಹಿಡಿಯಲು ಹೇಳಿ. ನೀವು ಸ್ಟಿಕ್‌ಗಳನ್ನೆಲ್ಲ ಒಟ್ಟಿಗೆ ಆಡಿಸಿ, ಚಕ್ರ ಮೇಲೆ ಕೆಳಗೆ ಮಾಡಿ. ರಿಸೀವರ್ ದೀಪ ಒಮ್ಮೆ ಮಿಣುಕಿದರೂ ಆ ದಿನ ಹಾರಿಸಬೇಡಿ. ಫೇಲ್‌ಸೇಫ್‌ನಲ್ಲಿ (ಸಿಗ್ನಲ್ ತಪ್ಪಿದಾಗ) ಥ್ರಾಟಲ್ ಸೊನ್ನೆಗೆ ಬರುತ್ತದಾ ಅಂತಲೂ ನೋಡಿ.

ಉತ್ತರ 3

ಸ್ವಲ್ಪ ಉಲ್ಟಾ ಮಾತು. ಮೊದಲ ಜೆಟ್‌ಗೆ ಇಡಿಎಫ್ಫೇ ಯಾಕೆ? ಜೆಟ್ ಆಕಾರದ ಫೋಮ್ ಹಾಳೆಗೆ ಹಿಂದುಗಡೆ 6 ಇಂಚಿನ ಪ್ರೊಪೆಲ್ಲರ್, 2212 ಅಳತೆಯ 2200 ಕೆವಿ ಮೋಟಾರು, 30 ಆಂಪಿಯರ್ ಇಎಸ್‌ಸಿ, 3ಎಸ್ 2200 ಪ್ಯಾಕ್. ಬಿದ್ದರೆ ಅಂಟು ಹಚ್ಚಿ ಮತ್ತೆ ಹಾರಿಸಬಹುದು. ಟ್ರೇನರಿನಲ್ಲಿ ಥ್ರಾಟಲ್ ಕೊಟ್ಟ ಕೂಡಲೇ ಗಾಳಿ ಬಾಲದ ಮೇಲೆ ಹೊಡೆಯುತ್ತದೆ. ಇಡಿಎಫ್‌ನಲ್ಲಿ ಅದಿಲ್ಲ, ಫ್ಯಾನ್ ವೇಗ ಹಿಡಿಯಲೂ ಸಮಯ ಬೇಕು. ನಿಧಾನವಾದ ಮೇಲೆ ಥ್ರಾಟಲ್ ಒತ್ತಿದರೆ ತಡವಾಗಿಬಿಟ್ಟಿರುತ್ತದೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. 6ಎಸ್, ಬೇರೆ ಯುಬಿಇಸಿ ಅಂತ ತೀರ್ಮಾನ ಮಾಡಿದೆ. ಫೋಮ್ ಹಾಳೆಯದ್ದೂ ಒಂದು ಕಟ್ಟುತ್ತೇನೆ. ಕೊನೆಯದೊಂದು ಸಂಶಯ. ಬ್ಯಾಟರಿ ಮೂಗಿನಲ್ಲಿ, ಫ್ಯಾನು ಹಿಂದೆ. ತಂತಿ ಯಾವ ಕಡೆ ಉದ್ದ ಮಾಡಲಿ?

ಉತ್ತರ 1

ಮೋಟಾರಿನ ಕಡೆ. ಬ್ಯಾಟರಿ ಕಡೆ ಉದ್ದ ಮಾಡಿದರೆ ವೋಲ್ಟೇಜ್ ಜಿಗಿದು ಇಎಸ್‌ಸಿಯ ಕೆಪಾಸಿಟರ್ ಸುಡಬಹುದು. ಫ್ಯಾನ್ ಉಲ್ಟಾ ತಿರುಗಿದರೆ ಗಾಬರಿ ಬೇಡ, ಮೂರು ತಂತಿಯಲ್ಲಿ ಯಾವ ಎರಡನ್ನಾದರೂ ಅದಲು ಬದಲು ಮಾಡಿ.