ಗದ್ದೆಯಲ್ಲಿ ನವಿಲು ಕಂಡರೆ ನಮ್ಮ ಮುಧೋಳಕ್ಕೆ ಕಿವಿಯೇ ಕೇಳುವುದಿಲ್ಲ, ಎಂತ ಮಾಡುವುದು?

ಕಾಪು ತೋಟದಮನೆ:
ನಮ್ಮ ಮನೆ ಕಾಪು ಹತ್ತಿರ, ಗದ್ದೆಯ ಬದಿಯಲ್ಲಿ. ಒಂದೂವರೆ ವರ್ಷದ ಮುಧೋಳ ಹೆಣ್ಣುನಾಯಿ ಉಂಟು, ಹೆಸರು ಚುಕ್ಕಿ. ಅಂಗಳದಲ್ಲಿ ಹೇಳಿದ್ದೆಲ್ಲ ಕೇಳುತ್ತಾಳೆ. ಮೀನಿನವರ ಸ್ಕೂಟರ್ ಹಾರ್ನ್ ಕೇಳಿದರಂತೂ ಎಲ್ಲಿದ್ದರೂ ಗೇಟಿನ ಹತ್ತಿರ ಹಾಜರು. ಆದರೆ ಬೆಳಿಗ್ಗೆ ಗದ್ದೆಗೆ ಕರೆದುಕೊಂಡು ಹೋಗಿ ಬಿಟ್ಟರೆ, ನವಿಲು ಕಂಡ ಕೂಡಲೇ ಓಟ. ಎಷ್ಟು ಕರೆದರೂ ತಿರುಗಿ ನೋಡುವುದಿಲ್ಲ. ಈಚೆಗೆ ಪಕ್ಕದ ಮನೆಯವರ ಕೋಳಿಯ ಹಿಂದೆ ಬಿದ್ದು ದೊಡ್ಡ ಗಲಾಟೆಯೇ ಆಯಿತು. ಪರಿಚಯದವರೊಬ್ಬರು ಕರೆಂಟ್ ಹೊಡೆಯುವ ಬೆಲ್ಟ್ ಹಾಕಲಿಕ್ಕೆ ಹೇಳುತ್ತಿದ್ದಾರೆ. ನನಗೆ ಮನಸ್ಸು ಬರುವುದಿಲ್ಲ. ಇದು ಹಠವಾ, ಅಲ್ಲ ಕಲಿಸಿದ್ದು ಸಾಲದಾ?

ಕಂಕನಾಡಿ ಬೀಗಲ್:
ನಮ್ಮ ಬೀಗಲ್ ನಾಯಿಯದ್ದೂ ಇದೇ ಕಥೆ, ಕಣ್ಣಿನ ಬದಲು ಮೂಗು ಅಷ್ಟೆ. ಮೊಲದ ವಾಸನೆ ಹಿಡಿದು ಹೋಗಲಿಕ್ಕೆಂದೇ ಬೆಳೆಸಿದ ಜಾತಿ. ಮೂಗು ನೆಲಕ್ಕೆ ಹೋದ ಮೇಲೆ ಹೆಸರು ಹಿಡಿದು ಕರೆದು ಪ್ರಯೋಜನ ಇಲ್ಲ. ನಾನು ಈಗ ವಾಕಿಂಗಿನ ಮೊದಲ ಭಾಗ ಅವನಿಗೇ ಬಿಟ್ಟುಬಿಟ್ಟಿದ್ದೇನೆ, ಬೇಕಾದಷ್ಟು ಮೂಸಲಿ. ಆಮೇಲೆ ಅವನೇ ತಲೆ ಎತ್ತಿ ನನ್ನ ಮುಖ ನೋಡುತ್ತಾನೆ. ಕಲಿಸುವುದೆಲ್ಲ ಆಗ.

ಕದ್ರಿ ಗುಡ್ಡೆ:
ಹಠ ಅಲ್ಲ ಮಾರಾಯ್ರೆ. ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಒಂದು ಹುಲ್ಲು ಅಲ್ಲಾಡಿದರೂ ಅದಕ್ಕೆ ಗೊತ್ತಾಗುತ್ತದೆ. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಯಿ ಜಾತಿಗಳ ಸ್ಟಾಂಪ್ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಆ ಉದ್ದ ಕಾಲು, ಒಳಗೆ ಹೋದ ಹೊಟ್ಟೆ, ಆಳದ ಎದೆ ಎಲ್ಲ ಇರುವುದು ಓಡಿ ಹಿಡಿಯಲಿಕ್ಕೇ.

ಬೇಟೆ ಅನ್ನುವುದು ನಾಯಿಗೆ ಒಂದೇ ಕೆಲಸ ಅಲ್ಲ. ಮೊದಲು ನೋಡುವುದು, ದಿಟ್ಟಿಸುವುದು, ಹೊಂಚುವುದು, ಆಮೇಲೆ ಅಟ್ಟಿಸುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು, ತಿನ್ನುವುದು. ಮನುಷ್ಯರು ಒಂದೊಂದು ಜಾತಿಯಲ್ಲಿ ಒಂದೊಂದು ತುಂಡನ್ನು ಗಟ್ಟಿ ಮಾಡಿದ್ದಾರೆ. ಕುರಿ ಕಾಯುವ ಬಾರ್ಡರ್ ಕೋಲಿ ನಾಯಿಗೆ ದಿಟ್ಟಿಸುವುದು, ಲ್ಯಾಬ್ರಡಾರಿಗೆ ಬಾಯಲ್ಲಿ ಹಿಡಿದು ತರುವುದು, ನಿಮ್ಮ ಚುಕ್ಕಿಗೆ ಅಟ್ಟಿಸುವುದು. ನವಿಲು ಸಿಗದಿದ್ದರೂ ಅವಳಿಗೆ ಬೇಸರ ಇಲ್ಲ, ಓಟದಲ್ಲೇ ಸುಖ ಉಂಟು. ಹಾಗಾಗಿ ಓಟ ಶುರುವಾದ ಮೇಲೆ ನಿಮ್ಮ ಕೈಯ ಬಿಸ್ಕತ್ತಿಗೆ ಬೆಲೆಯೇ ಇಲ್ಲ.

ನೀವು ಗಮನ ಇಡಬೇಕಾದ್ದು ಅದಕ್ಕಿಂತ ಒಂದೆರಡು ಸೆಕೆಂಡ್ ಮೊದಲು. ನಾಳೆ ಮೊಬೈಲ್ ಮನೆಯಲ್ಲಿಟ್ಟು ಹೋಗಿ, ನವಿಲನ್ನು ಹುಡುಕಬೇಡಿ, ಚುಕ್ಕಿಯನ್ನೇ ನೋಡಿ. ತೇಕುತ್ತಿದ್ದ ಬಾಯಿ ಟಪ್ಪಂತ ಮುಚ್ಚುತ್ತದೆ. ಕಿವಿಯ ಬುಡ ಮುಂದಕ್ಕೆ ಬರುತ್ತದೆ. ಮೈಭಾರ ಮುಂಗಾಲಿಗೆ ಹೋಗುತ್ತದೆ, ಕೆಲವಕ್ಕೆ ಒಂದು ಮುಂಗಾಲು ಮೇಲೇಳುತ್ತದೆ. ಬಾಲ ಅಲ್ಲಾಡುವುದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಇನ್ನೂ ಅವಳಿಗೆ ನಿಮ್ಮ ದನಿ ಕೇಳುತ್ತದೆ. ಹೆಸರು ಒಂದೇ ಸಲ ಕರೆಯಿರಿ. ಒಂದು ಕಿವಿ ನಿಮ್ಮ ಕಡೆ ತಿರುಗಿದರೂ ಸಾಕು, "ಹಾಂ!" ಅಂತ ಹೇಳಿ ನೀವೇ ಹಿಂದಕ್ಕೆ ಓಡಿ. ಅವಳು ನಿಮ್ಮನ್ನು ಅಟ್ಟಿಸಿಕೊಂಡು ಬರಲಿ, ಬಂದಾಗ ಬೇಯಿಸಿದ ಕೋಳಿ ಲಿವರ್ ಕೊಡಿ. ಉಪ್ಪುಮೀನು ಬೇಡ.

ಇದು ಅವಳಿಗೆ ರೂಢಿಯಾಗುವವರೆಗೆ ಗದ್ದೆಯಲ್ಲಿ ಬಿಡಲೇಬೇಡಿ. ಹತ್ತು ಮೀಟರಿನ ನೈಲಾನ್ ಪಟ್ಟಿ ತನ್ನಿ. ತೆಂಗಿನ ನಾರಿನ ಹಗ್ಗ ಆದರೆ ಅವಳು ಎಳೆದಾಗ ನಿಮ್ಮ ಅಂಗೈ ಸುಲಿಯುತ್ತದೆ. ಪಟ್ಟಿಯನ್ನು ಎದೆಗೆ ಹಾಕುವ ಹಾರ್ನೆಸ್ಸಿಗೆ ಕಟ್ಟಿ, ಕುತ್ತಿಗೆಗೆ ಬೇಡ. ಅಷ್ಟು ವೇಗದಲ್ಲಿ ಹೋಗಿ ಜಗ್ಗಿದರೆ ಕುತ್ತಿಗೆಗೆ ಪೆಟ್ಟಾಗುತ್ತದೆ. ಸಾಲದ್ದಕ್ಕೆ ಈ ಜಾತಿಯ ತಲೆ ಸಪೂರ, ಸಾಮಾನ್ಯ ಬೆಲ್ಟ್ ಆದರೆ ಕಳಚಿಕೊಂಡು ಹೋಗುತ್ತದೆ. ಮತ್ತೆ ನವಿಲು ಅಂದರೆ ಕೋಳಿಯ ಹಾಗೆ ದುಡ್ಡು ಕೊಟ್ಟು ಮುಗಿಸುವ ವಿಷಯ ಅಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಟ್ಟ ಮೊದಲ ಪಟ್ಟಿಯಲ್ಲಿರುವ ಹಕ್ಕಿ.

ಸುರತ್ಕಲ್:
ಇಷ್ಟೆಲ್ಲ ಯಾಕೆ? ನಮ್ಮ ಅಜ್ಜನ ಕಾಲದಲ್ಲಿ ಕೋಳಿ ಹಿಡಿದ ನಾಯಿಗೆ ಎರಡು ಬಿಟ್ಟರೆ ಮತ್ತೆ ಆ ಕಡೆ ಹೋಗುತ್ತಿರಲಿಲ್ಲ.

ಕದ್ರಿ ಗುಡ್ಡೆ:
ಅಣ್ಣ, ಚುಕ್ಕಿ ಓಡಿಹೋಗಿ ಐದು ನಿಮಿಷ ಬಿಟ್ಟು ವಾಪಸ್ ಬಂದಳು ಅಂತ ಇಟ್ಟುಕೊಳ್ಳಿ. ಆಗ ಹೊಡೆದರೆ ಆ ಪೆಟ್ಟು ಓಡಿದ್ದಕ್ಕಲ್ಲ, ಬಂದದ್ದಕ್ಕೆ. ಮುಂದಿನ ಸಲ ಬರುವುದೇ ಇಲ್ಲ, ದೂರದಲ್ಲಿ ನಿಂತು ಸುತ್ತು ಹಾಕುತ್ತಾಳೆ. ಕರೆಂಟ್ ಬೆಲ್ಟಿನ ವಿಷಯದಲ್ಲಿ ನನಗೆ ಇನ್ನೂ ಹೆದರಿಕೆ. ನೋವಾದ ಕ್ಷಣದಲ್ಲಿ ಕಣ್ಣೆದುರು ಏನು ಉಂಟೋ ಅದರ ಮೇಲೆಯೇ ನಾಯಿಗೆ ಸಿಟ್ಟೋ ಭಯವೋ ಹುಟ್ಟಬಹುದು. ಆ ಹೊತ್ತಿಗೆ ಶಾಲೆಗೆ ಹೋಗುವ ಮಗು ಬದುವಿನಲ್ಲಿ ಬಂದರೆ? ದಯವಿಟ್ಟು ಅದನ್ನು ಯಾರೂ ಹಾಕಬೇಡಿ.

ಕಾಪು ತೋಟದಮನೆ:
ತುಂಬ ಉಪಕಾರ ಆಯಿತು. ಇವತ್ತು ಬರೀ ನೋಡಿದೆ. ಬಾಯಿ ಮುಚ್ಚುವುದು ನಿಜ, ಇಷ್ಟು ದಿನ ನಾನು ಆಚೆ ನವಿಲನ್ನೇ ನೋಡುತ್ತಿದ್ದೆ. ಇನ್ನೊಂದು ಸಂಗತಿ: ಕರೆದಾಗ ಕೆಲವೊಮ್ಮೆ ಆಕಳಿಸುತ್ತಾಳೆ, ಮೂತಿ ನೆಕ್ಕಿಕೊಂಡು ಮುಖ ತಿರುಗಿಸುತ್ತಾಳೆ. ಉದಾಸೀನವಾ? ಮತ್ತೆ, ಓಡುವುದನ್ನು ಪೂರ್ತಿ ನಿಲ್ಲಿಸಿದರೆ ಪಾಪ ಅಲ್ವಾ?

ಕದ್ರಿ ಗುಡ್ಡೆ:
ಉದಾಸೀನ ಅಲ್ಲ. ನಿದ್ದೆಯ ಹೊತ್ತಲ್ಲದೆ ಆಕಳಿಕೆ, ಎದುರಿಗೆ ತಿಂಡಿ ಇಲ್ಲದೆ ಮೂತಿ ನೆಕ್ಕುವುದು, ಇವು ಹೆಚ್ಚಾಗಿ ಒತ್ತಡದ ಗುರುತು. ನಿಮ್ಮ ದನಿ ಜೋರಾಗಿರಬೇಕು, ಅಥವಾ ನೀವು ಅವಳ ಮೇಲೆ ಬಾಗಿ ನಿಂತಿರಬೇಕು. ದನಿ ಇಳಿಸಿ, ಸ್ವಲ್ಪ ಬದಿಗೆ ತಿರುಗಿ ಕೂತು ಕರೆದು ನೋಡಿ.

ಓಟ ನಿಲ್ಲಿಸಬೇಡಿ, ಬೇರೆ ಕಡೆ ಕೊಡಿ. ಉದ್ದದ ಬಿದಿರಿನ ಕೋಲಿಗೆ ಹಗ್ಗ ಕಟ್ಟಿ ತುದಿಗೆ ನೀಲಿ ಬಟ್ಟೆ ಸಿಕ್ಕಿಸಿ. ಕೆಂಪು ಬಟ್ಟೆ ಬೇಡ, ನಾಯಿಗೆ ಕೆಂಪು-ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ, ಹುಲ್ಲಿನಲ್ಲಿ ಅದು ಕರಗಿಹೋಗುತ್ತದೆ. ಅಂಗಳದಲ್ಲಿ ನೆಲಕ್ಕೆ ತಾಗುವ ಹಾಗೆ ಸುತ್ತ ಎಳೆಯಿರಿ. ಕೂತು ನಿಮ್ಮ ಮುಖ ನೋಡಿದರೆ ಮಾತ್ರ ಬಟ್ಟೆ ಓಡಬೇಕು. ಆಗಾಗ ಅವಳಿಗೆ ಹಿಡಿಯಲಿಕ್ಕೂ ಬಿಡಿ. ನಮ್ಮ ಸೆಖೆಗೆ ಬೆಳಿಗ್ಗೆ ಏಳು ಗಂಟೆಯ ಮೊದಲೇ ಮುಗಿಸಿ.

ಮೀನಿನವರ ಹಾರ್ನಿಗೆ ಓಡಿ ಬರುತ್ತಾಳೆ ಅಂದಿರಲ್ಲ, ಅದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಹಾರ್ನ್ ಆದ ಮೇಲೆ ಪ್ರತಿ ಸಲ ಬೂತಾಯಿ ಮೀನಿನ ತಲೆ ಸಿಕ್ಕಿತು, ಅಷ್ಟೆ. ಒಂದು ಸೀಟಿ ತಂದು ಹಾಗೆಯೇ ಮಾಡಿ. ಮೊದಲು ಅಡುಗೆಮನೆಯಲ್ಲಿ ಸೀಟಿ ಊದಿ ಕೂಡಲೇ ಲಿವರ್, ಆಮೇಲೆ ಅಂಗಳದಲ್ಲಿ, ಗದ್ದೆಯಲ್ಲಿ ಕೊನೆಗೆ, ಅದೂ ಪಟ್ಟಿ ಕಟ್ಟಿಕೊಂಡೇ. ಸ್ನಾನ ಮಾಡಿಸಲಿಕ್ಕೆ, ಕಟ್ಟಿಹಾಕಲಿಕ್ಕೆ ಆ ಸೀಟಿ ಊದಬಾರದು. ಮನೆಯ ಮಕ್ಕಳ ಕೈಗೂ ಸಿಗದ ಹಾಗೆ ಎತ್ತಿಡಿ.