ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿದ ಮೇಲೆ ಮುಖ ಫೋಕಸ್ ಆಗುತ್ತಿಲ್ಲ, ಲೆನ್ಸ್ ಹಾಳಾಯಿತಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಮುಖಕ್ಕೆ ಚುಟ್ಟಿ (ಅಕ್ಕಿ ಹಿಟ್ಟಿನ ಬಿಳಿ ಮುಳ್ಳುಗಳು) ಇಡುತ್ತಾರಲ್ಲ, ಅದನ್ನು ತೀರಾ ಹತ್ತಿರದಿಂದ ತೆಗೆಯಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಮ್ಯಾಕ್ರೋ ಲೆನ್ಸ್‌ಗೆ ದುಡ್ಡಿಲ್ಲ. ಅದಕ್ಕೇ ಕಡಿಮೆ ಬೆಲೆಯ ಎಕ್ಸ್‌ಟೆನ್ಶನ್ ಟ್ಯೂಬ್ ಸೆಟ್ ತರಿಸಿದೆ, ಕ್ಯಾಮೆರಾಗೂ ಲೆನ್ಸ್‌ಗೂ ನಡುವೆ ಹಾಕುವ ಗಾಜಿಲ್ಲದ ಟೊಳ್ಳು ರಿಂಗ್‌ಗಳು. 7, 14, 28 ಎಂಎಂನ ಮೂರು ರಿಂಗ್, ತಿರುಗಿಸಿ ಜೋಡಿಸುವಂಥದ್ದು. ಕ್ಯಾಮೆರಾ ಕ್ಯಾನನ್ 6ಡಿ, ಲೆನ್ಸ್ 50 ಎಂಎಂ ಎಫ್/1.8 ಎಸ್‌ಟಿಎಂ.

ಮೂರೂ ರಿಂಗ್ ಹಾಕಿ ಅಮ್ಮನ ಮುಖ ತೆಗೆಯಲು ನೋಡಿದೆ. ಎಷ್ಟು ಹಿಂದೆ ಸರಿದರೂ ಎಲ್ಲ ಮಂಜು ಮಂಜು. ಫೋಕಸ್ ರಿಂಗ್ ತಿರುಗಿಸಿದರೂ ಏನೂ ಆಗುವುದಿಲ್ಲ. ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬಿಡುವ ತೂತಿನ ಅಳತೆ) ಜಾಗದಲ್ಲಿ 00 ಎಂದು ತೋರಿಸುತ್ತದೆ. ಮುಂದಿನ ವಾರವೇ ಆಟ ಇದೆ. ದಯವಿಟ್ಟು ಹೇಳಿ.

ಉತ್ತರ:
ಲೆನ್ಸ್‌ಗೆ ಏನೂ ಆಗಿಲ್ಲ, ಹೆದರಬೇಡಿ.

ನಿಮ್ಮ ಟ್ಯೂಬ್‌ನಲ್ಲಿ ಎಲೆಕ್ಟ್ರಿಕ್ ಪಿನ್‌ಗಳಿಲ್ಲ. ಹಾಗಾಗಿ ಕ್ಯಾಮೆರಾಗೆ ಲೆನ್ಸ್ ಇದೆ ಎಂದೇ ಗೊತ್ತಾಗುವುದಿಲ್ಲ. 00 ಬರುವುದು ಅದಕ್ಕೇ. ಎಸ್‌ಟಿಎಂ ಲೆನ್ಸ್‌ನ ಫೋಕಸ್ ರಿಂಗ್ ಕೂಡ ಮೋಟಾರ್ ಮೂಲಕವೇ ಕೆಲಸ ಮಾಡುತ್ತದೆ. ಕರೆಂಟ್ ಹೋಗದಿದ್ದರೆ ಕೈಯಿಂದ ತಿರುಗಿಸಿದರೂ ಒಳಗೆ ಗಾಜು ಅಲ್ಲಾಡುವುದಿಲ್ಲ.

ಮಂಜಿಗೆ ಕಾರಣ ಬೇರೆ. ಟ್ಯೂಬ್‌ನ ಉದ್ದವನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ. ಬರುವ ಸಂಖ್ಯೆಯಷ್ಟು ಮ್ಯಾಗ್ನಿಫಿಕೇಶನ್ ಜಾಸ್ತಿ ಆಗುತ್ತದೆ. ನಿಮ್ಮದು ಒಟ್ಟು 49 ಎಂಎಂ, ಲೆನ್ಸ್ 50. ಅಂದರೆ ಹತ್ತಿರ ಹತ್ತಿರ 1:1, ವಸ್ತು ಎಷ್ಟು ದೊಡ್ಡದೋ ಸೆನ್ಸರ್ ಮೇಲೂ ಅಷ್ಟೇ ದೊಡ್ಡದು. ಲೆನ್ಸ್‌ನಿಂದ ಸುಮಾರು 10 ಸೆಂ.ಮೀ. ದೂರದಲ್ಲಿ ಇರುವುದು ಮಾತ್ರ ಸ್ಪಷ್ಟ. ಫ್ರೇಮ್‌ನಲ್ಲಿ ಹಿಡಿಯುವುದು 36 ಎಂಎಂ ಅಗಲ, ಒಂದು ಕಣ್ಣಿನಷ್ಟು ಜಾಗ. ಹಿಂದೆ ಸರಿದಷ್ಟೂ ಮಂಜು ಜಾಸ್ತಿಯಾಗುತ್ತದೆ, ಮುಂದೆ ಹೋಗಬೇಕಿತ್ತು. ಟ್ಯೂಬ್ ಹಾಕಿದ ಮೇಲೆ ದೂರಕ್ಕೂ ಒಂದು ಗಡಿ ಬೀಳುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಮುಖಕ್ಕೆ ನನ್ನ ಸಲಹೆ ಒಂದೇ: ಚಿಕ್ಕ ಟ್ಯೂಬ್, ಉದ್ದದ ಲೆನ್ಸ್. ಯಾರ ಹತ್ತಿರವಾದರೂ 85 ಎಂಎಂ ಎಫ್/1.8 ಸಿಗುತ್ತದಾ? ಪಿನ್ ಇರುವ ಟ್ಯೂಬ್ ಕೂಡ ಕೇಳಿ ನೋಡಿ. ಕೆಂಕೋ ಸೆಟ್‌ನಲ್ಲಿ 12, 20, 36 ಎಂಎಂ ಬರುತ್ತವೆ. 85ಕ್ಕೆ 12 ಹಾಕಿದರೆ ಸೆನ್ಸರ್‌ನಿಂದ ಸುಮಾರು 50ರಿಂದ 78 ಸೆಂ.ಮೀ. ಒಳಗೆ ಫೋಕಸ್ ಸಿಗುತ್ತದೆ. ದೂರದ ತುದಿಯಲ್ಲಿ ಇಡೀ ಮುಖ, ಹತ್ತಿರದ ತುದಿಯಲ್ಲಿ ಕಣ್ಣು ಮೂಗಿನ ಭಾಗ. 50 ಎಂಎಂಗೆ ಅದೇ 12 ಹಾಕಿದರೆ ಲೆನ್ಸ್ ಮುಖದಿಂದ ಒಂದು ಗೇಣಿನಷ್ಟು ಹತ್ತಿರ ಹೋಗಬೇಕು. ಮೂಗು ದಪ್ಪ ಕಾಣುತ್ತದೆ, ಲೆನ್ಸ್‌ನ ನೆರಳೂ ಬೀಳುತ್ತದೆ. ವೇಷ ಕಟ್ಟುವವರಿಗೂ ಕಿರಿಕಿರಿ ಅಲ್ವಾ?

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. 85 ಗೆಳೆಯನ ಹತ್ತಿರ ಇದೆ. ಪಿನ್ ಇರುವ ಟ್ಯೂಬ್ ಸಿಗದಿದ್ದರೆ? ಚೌಕಿಯಲ್ಲಿ ಬೆಳಕೂ ಕಡಿಮೆ. ಎಫ್/1.8ರಲ್ಲೇ ತೆಗೆಯಲಾ?

ಉತ್ತರ:
85 ಎಫ್/1.8ರ ಫೋಕಸ್ ರಿಂಗ್ ಕೈಯಿಂದಲೇ ತಿರುಗುತ್ತದೆ, ಪಿನ್ ಇಲ್ಲದಿದ್ದರೂ ನಡೆಯುತ್ತದೆ. 7 ಎಂಎಂ ರಿಂಗ್ ಒಂದೇ ಹಾಕಿ. ಅಪರ್ಚರ್‌ಗೆ ಒಂದು ಉಪಾಯ ಇದೆ. ಲೆನ್ಸನ್ನು ನೇರವಾಗಿ ಕ್ಯಾಮೆರಾಗೆ ಹಾಕಿ ಎಫ್/5.6 ಇಡಿ. ಡೆಪ್ತ್ ಪ್ರಿವ್ಯೂ ಬಟನ್ (ಅಪರ್ಚರನ್ನು ಇಟ್ಟ ಅಳತೆಗೆ ಮುಚ್ಚಿ ತೋರಿಸುವ ಬಟನ್) ಒತ್ತಿ ಹಿಡಿದುಕೊಂಡೇ ಲೆನ್ಸ್ ಬಿಚ್ಚಿ. ಅಪರ್ಚರ್ ಅಲ್ಲೇ ನಿಲ್ಲುತ್ತದೆ. ಆಮೇಲೆ ಟ್ಯೂಬ್‌ಗೆ ಹಾಕಿ.

ಎಫ್/1.8 ಬೇಡ. 12 ಎಂಎಂ ಟ್ಯೂಬ್ ಹಾಕಿ ತೀರಾ ಹತ್ತಿರ ಹೋದಾಗ ಸ್ಪಷ್ಟವಾಗಿ ಸಿಗುವುದು 2 ಎಂಎಂ ಆಳವೂ ಇಲ್ಲ. ರೆಪ್ಪೆ ಬಂದರೆ ಚುಟ್ಟಿ ಹೋಗುತ್ತದೆ. ಎಫ್/5.6ರಲ್ಲಿ ಸುಮಾರು 6 ಎಂಎಂ ಸಿಗುತ್ತದೆ. ಬೆಳಕು ಕಡಿಮೆ ಇರುವುದಕ್ಕೆ ಐಎಸ್‌ಒ (ಸೆನ್ಸರ್‌ನ ಬೆಳಕಿನ ಸಂವೇದನೆ) 3200 ಇಟ್ಟುಕೊಳ್ಳಿ, 6ಡಿಯಲ್ಲಿ ಚೆನ್ನಾಗೇ ಬರುತ್ತದೆ. ಫ್ಲಾಶ್ ಮಾತ್ರ ಬೇಡ, ಅವರು ಕನ್ನಡಿ ನೋಡಿಕೊಂಡು ಕೆಲಸ ಮಾಡುತ್ತಿರುತ್ತಾರೆ. ಲೈವ್ ವ್ಯೂ (ಹಿಂದಿನ ಪರದೆಯಲ್ಲಿ ಕಾಣುವ ಚಿತ್ರ) 10 ಪಟ್ಟು ದೊಡ್ಡದು ಮಾಡಿ ಫೋಕಸ್ ನೋಡಿ. ರಿಂಗನ್ನು ಒಂದು ಕಡೆ ಬಿಟ್ಟು ನೀವೇ ಸ್ವಲ್ಪ ಹಿಂದೆ ಮುಂದೆ ಬಾಗಿ. ಚುಟ್ಟಿ ಇಡುವ ಗಳಿಗೆಯಲ್ಲಿ ಅವರ ತಲೆ ಅಲ್ಲಾಡುವುದಿಲ್ಲ. ಆಗಲೇ ಒತ್ತಿ.

ಪ್ರಶ್ನೆ ಕೇಳಿದವರು:
ನಿನ್ನೆ ಹೋಗಿದ್ದೆ. ವೇಷ ಕಟ್ಟುವವರ ಒಪ್ಪಿಗೆ ಕೇಳಿಯೇ ಕೂತೆ. ಸುಮಾರು 60ರಲ್ಲಿ 9 ಚಿತ್ರ ಸರಿ ಬಂದಿವೆ. ಹುಬ್ಬಿನ ಮೇಲೆ ಇಟ್ಟ ಚುಟ್ಟಿಯ ಒಂದೊಂದು ಮುಳ್ಳೂ ಬೇರೆ ಬೇರೆ ಕಾಣುತ್ತಿದೆ. ಅಮ್ಮನಿಗೂ ತೋರಿಸಿದೆ.